ಚೌಳು ದಂಡೆಯ ಚೇಳು

ನಮ್ಮ ಚಳ್ಳಕೆರೆ ಕಡೆ ಶೇಂಗಾ ಹೊಟ್ಟಿನ ಬಣವೆಗೆ ಯಾರೂ ಸೀದಾ ಕೈ ಹಾಕುವುದಿಲ್ಲ. ಮೊದಲು ಕೋಲಿನಿಂದ ನಾಲ್ಕು ಸಲ ತಟ್ಟುತ್ತಾರೆ. ಅಡಿಯಲ್ಲಿ ಚೇಳು ಇದ್ದೇ ಇರುತ್ತದೆ ಅನ್ನುವ ಲೆಕ್ಕ. ಹೊರಗೆ ಬಂತೋ, ಚಪ್ಪಲಿ ಏಟು. ಯಾವ ಚೇಳಪ್ಪಾ ಅಂತ ಕೇಳಿದರೆ ಎರಡೇ ಉತ್ತರ: ಕರಿ ಚೇಳು, ಇಲ್ಲಾ ಕೆಂಪು ಚೇಳು. ನಾನೂ ನಲವತ್ತು ವರ್ಷ ಈ ಎರಡೇ ಜಾತಿಯಲ್ಲಿ ಕಾಲ ಹಾಕಿದವನು.

ಹೋದ ಬೇಸಿಗೆಯಲ್ಲಿ ನಮ್ಮ ಅಕ್ಕನ ಮಗ ಮೊಬೈಲ್ ಹಿಡಿದುಕೊಂಡು ಬಂದ. "ಮಾವ, ಇಲ್ನೋಡು. ಈ ಚೇಳು ಇಡೀ ಪ್ರಪಂಚದಲ್ಲಿ ಎರಡು ಕಿಲೋಮೀಟರ್ ಜಾಗದಲ್ಲಿ ಮಾತ್ರ ಇದೆಯಂತೆ."

"ಯಾಕಂತೆ? ಎಂಟು ಕಾಲಿದೆಯಲ್ಲ. ಪಕ್ಕಕ್ಕೆ ನಡ್ಕೊಂಡು ಹೋಗೋಕೆ ಏನ್ ಕಷ್ಟ?" ಅಂದೆ.

ಸುಮ್ನೆ ತಮಾಷೆಗೆ ಕೇಳಿದ ಪ್ರಶ್ನೆ. ಆಮೇಲೆ ಅದೇ ತಲೆ ಹೊಕ್ಕಿತು. ಸಿಕ್ಕಿದ್ದೆಲ್ಲ ಓದಿದೆ. ಓದುತ್ತಾ ಹೋದಂತೆ ಆ ಚೇಳಿನ ಊರು ನಮ್ಮೂರಿನ ಹಾಗೇ ಕಾಣತೊಡಗಿತು.

ಆ ಚೇಳಿನ ಹೆಸರು ಪಾರುರೊಕ್ಟೋನಸ್ ಕನ್‌ಕ್ಲೂಸಸ್. ಬಾಯಿ ಹೊರಳುವುದು ಕಷ್ಟ, ಇರಲಿ. ಕನ್‌ಕ್ಲೂಸಸ್ ಅಂದರೆ ಲ್ಯಾಟಿನ್‌ನಲ್ಲಿ ಕೂಡಿಹಾಕಿದ್ದು, ಆಚೆ ಹೋಗದಂತೆ ಮುಚ್ಚಿದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೊಹಾವಿ ಅಂತ ಒಂದು ಮರುಭೂಮಿ ಇದೆ. ಅಲ್ಲಿ ಕೇನ್ ಅನ್ನುವ ಒಣಗಿದ ಕೆರೆ. ಆ ಕೆರೆ ಅಂಚಿನಲ್ಲಿ ಒಂದು ಪಟ್ಟಿ ನೆಲ, ಕೆಲವು ಕಡೆ ಅದರ ಅಗಲ ಬರೀ ಕೆಲವೇ ಮೀಟರ್. ಇಡೀ ಸಂತತಿಗೆ ಇಷ್ಟೇ ಆಸ್ತಿ. ಅದರ ಜೊತೆಗೇ ಬೆಳಕಿಗೆ ಬಂದ ಇನ್ನೊಂದು ಚೇಳು ಪಾರುರೊಕ್ಟೋನಸ್ ಸೋಡಾ. ಅದು ಅದೇ ರಾಜ್ಯದ ಕರೀಜೋ ಬಯಲಿನಲ್ಲಿರುವ ಸೋಡಾ ಕೆರೆಯದು. ಎರಡಕ್ಕೂ ಹೆಸರು ಬಿದ್ದದ್ದು 2022ರಲ್ಲಿ.

ಸೋಡಾ ಕೆರೆ ಅಂದ ಕೂಡಲೇ ಅಂಗಡಿ ಗೋಲಿ ಸೋಡಾ ನೆನಪಾಗುತ್ತೆ, ಅಲ್ವಾ. ಅದಲ್ಲ ಇದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಚೌಳು.

ಚೌಳು ನೆಲ ನೋಡದವರು ಈ ಜಿಲ್ಲೆಯಲ್ಲಿ ಕಮ್ಮಿ. ಮಳೆ ಬಂದು ನಾಲ್ಕು ದಿನ ಬಿಸಿಲು ಹೊಡೆದರೆ ಸಾಕು, ನೆಲದ ಮೇಲೆ ಬಿಳೀ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ. ಕಾಲಿಟ್ಟರೆ ಮೇಲಿನ ಪದರ ಹಪ್ಪಳದಂತೆ ಮುರಿಯುತ್ತದೆ. ಬೆಳೆ ಬರುವುದಿಲ್ಲ, ಬಿತ್ತಿದ್ದೂ ದಂಡ. ಹಿಂದೆ ಬಟ್ಟೆ ಒಗೆಯೋಕೆ ಇದೇ ಮಣ್ಣು ತರುತ್ತಿದ್ದರು. ಹೊಸದುರ್ಗ ತಾಲೂಕಿನ ಮತ್ತೋಡಿನಲ್ಲಿ ಒಂದು ಕಾಲಕ್ಕೆ ಬಳೆ ಗಾಜು ಮಾಡುತ್ತಿದ್ದದ್ದೂ ಈ ಚೌಳಿನಿಂದಲೇ. ಮರಳಿನ ಜೊತೆ ಸೋಡಾ ಸೇರಿಸಿ ಕಾಯಿಸಿದರೆ ಗಾಜು. ಇದನ್ನು ಬರೆಯುವಾಗ ಆ ಬಳೆಗಳಲ್ಲಿ ಒಂದಾದರೂ ಈಗ ಯಾರ ಮನೆಯಲ್ಲಾದರೂ ಉಳಿದಿರಬಹುದೇ ಅಂತ ಯೋಚನೆ ಬಂತು. ಇರಲಿ, ಚೇಳಿಗೆ ಬರೋಣ.

ಒಂದು ಕೆರೆಯ ನೆಲ ಹೀಗೆ ಚೌಳಾಗುವುದು ಹೇಗೆ? ನಮ್ಮ ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಒಮ್ಮೆ ಕೈಯಾಡಿಸಿ. ಬಿಳೀ ಪೊರೆ ಕಟ್ಟಿರುತ್ತದೆ. ನೀರು ಆವಿಯಾಗಿ ಹೋಯಿತು, ನೀರಿನಲ್ಲಿದ್ದ ಉಪ್ಪು ಸುಣ್ಣ ಎಲ್ಲ ಅಲ್ಲೇ ಕೂತಿತು. ಸೋಡಾ ಕೆರೆ, ಕೇನ್ ಕೆರೆ ಎರಡೂ ಇಂಥ ದೊಡ್ಡ ಹಂಡೆಗಳೇ. ಅವಕ್ಕೆ ಕೋಡಿ ಇಲ್ಲ. ಸುತ್ತಲ ಗುಡ್ಡದ ನೀರು ಒಳಗೆ ಬರುತ್ತದೆ, ಹೊರಗೆ ಹೋಗುವ ದಾರಿ ಇಲ್ಲ. ಬಿಸಿಲು ನೀರನ್ನು ಕುಡಿಯುತ್ತದೆ, ಉಪ್ಪನ್ನು ಬಿಡುತ್ತದೆ. ಇದು ಸಾವಿರಾರು ವರ್ಷ ನಡೆದಿದೆ.

ಈಗ ಅಂಥ ಕೆರೆ ಅಂಗಳದ ಮಧ್ಯದಿಂದ ಹೊರಕ್ಕೆ ನಡೆಯುತ್ತಾ ಬನ್ನಿ. ನಡುವೆ ಪೂರ್ತಿ ಬಿಳುಪು, ಒಂದು ಹುಲ್ಲುಕಡ್ಡಿಯೂ ಇಲ್ಲ. ನೆರಳಿಲ್ಲ, ಬಿಲವಿಲ್ಲ, ತಿನ್ನೋಕೆ ಹುಳವಿಲ್ಲ. ಮಳೆ ಬಂದರೆ ನೀರು ನಿಲ್ಲುವುದೂ ಅಲ್ಲೇ. ಪೂರ್ತಿ ಆಚೆಗೆ ಹೋದರೆ ಮರುಭೂಮಿಯ ಸಡಿಲ ಮರಳು, ಕಲ್ಲು. ಈ ಎರಡರ ನಡುವೆ ಒಂದು ಅಂಚು ಬರುತ್ತದೆ. ಅಲ್ಲಿ ಜಿಗುಟು ಮಣ್ಣು. ಒಣಗಿದಾಗ ಬಿರುಕು ಬಿಡುತ್ತದೆ. ಉಪ್ಪು ತಾಳಿಕೊಳ್ಳುವ ಕುರುಚಲು ಗಿಡಗಳು ಇರುತ್ತವೆ. ಗಿಡ ಇದ್ದಲ್ಲಿ ಹುಳ, ಹುಳ ಇದ್ದಲ್ಲಿ ಚೇಳು. ನಮ್ಮ ಎರೆ ಹೊಲ ಏಪ್ರಿಲ್‌ನಲ್ಲಿ ಬಾಯಿ ಬಿಡುವುದನ್ನು ನೋಡಿದವರಿಗೆ ಅಂಥ ಬಿರುಕಿನ ಆಳ ಗೊತ್ತು. ಮೇಲೆ ಕೆಂಡದಂಥ ಬಿಸಿಲಿದ್ದರೂ ಒಳಗೆ ತಂಪು. ನಾನು ಹುಡುಗನಾಗಿದ್ದಾಗ ಬಿರುಕಿನೊಳಗೆ ನಾಲ್ಕಾಣೆ ಬಿದ್ದು ಹೋಗಿ, ಕೋಲು ಹಾಕಿದರೂ ಸಿಗದೆ ಅತ್ತಿದ್ದೆ.

ಹಾಗಾದರೆ ಪಕ್ಕದ ಮರಳಿಗೆ ಯಾಕೆ ಹೋಗುವುದಿಲ್ಲ? ನನ್ನ ಪ್ರಶ್ನೆ ಅಲ್ಲೇ ಇತ್ತು.

ಚೇಳುಗಳಲ್ಲಿ ಒಂದು ಗುಣ ಇದೆ. ಯಾವ ನೆಲವೋ ಆ ಮೈ. ಮರಳಿನಲ್ಲಿ ಬದುಕುವ ಚೇಳಿನ ಕಾಲಿನಲ್ಲಿ ಬಾಚಣಿಗೆಯಂತೆ ಸಾಲು ಕೂದಲು ಇರುತ್ತದೆ. ಅದರಿಂದ ಕಾಲು ಮರಳಲ್ಲಿ ಹೂತುಕೊಳ್ಳುವುದಿಲ್ಲ. ಬಂಡೆ ಸಂದಿಯಲ್ಲಿ ಬದುಕುವ ಚೇಳು ರೊಟ್ಟಿಯಂತೆ ಚಪ್ಪಟೆ. ದಕ್ಷಿಣ ಆಫ್ರಿಕಾದ ಹ್ಯಾಡೋಜೆನೀಸ್ ಚೇಳು ಎಷ್ಟು ಚಪ್ಪಟೆ ಅಂದರೆ ಕಲ್ಲಿನ ಕಿರುಸಂದಿಗೂ ತೂರಿಬಿಡುತ್ತದೆ. ಗಟ್ಟಿ ಮಣ್ಣು ತೋಡಿ ಬಿಲ ಮಾಡುವ ಚೇಳಿಗೆ ದಪ್ಪ ಇಕ್ಕಳ. ಒಂದು ನೆಲಕ್ಕೆ ಮೈ ಒಗ್ಗಿತೋ, ಇನ್ನೊಂದು ನೆಲದಲ್ಲಿ ಅದೇ ಮೈ ಭಾರ. ಕೆಸರುಗದ್ದೆ ಎತ್ತನ್ನು ಕಲ್ಲು ದಾರಿಯ ಗಾಡಿಗೆ ಕಟ್ಟಿದ ಹಾಗೆ. ಅದೂ ಅಲ್ಲದೆ ಪಕ್ಕದ ಮರಳು ಖಾಲಿ ಬಿದ್ದಿಲ್ಲ. ಅಲ್ಲಿ ಬೇರೆ ಚೇಳುಗಳಿವೆ. ಚೇಳಿಗೆ ಚೇಳೇ ಊಟ ಅನ್ನುವುದು ಮರುಭೂಮಿಯಲ್ಲಿ ದಿನನಿತ್ಯದ ಮಾತು.

ನೆಲವನ್ನು ಅದು ಗುರುತು ಹಿಡಿಯುವ ಬಗೆಯಂತೂ ಬಲು ಚಂದ. ಚೇಳಿನ ಹೊಟ್ಟೆ ಕೆಳಗೆ, ಕಾಲುಗಳ ಹಿಂದೆ, ಎರಡು ಪುಟ್ಟ ಬಾಚಣಿಗೆಗಳಿವೆ. ಬೇರೆ ಯಾವ ಜೀವಿಗೂ ಈ ಅಂಗ ಇಲ್ಲ. ನಡೆಯುವಾಗ ಅದನ್ನು ನೆಲಕ್ಕೆ ತಾಗಿಸುತ್ತಾ ಹೋಗುತ್ತದೆ. ಮಣ್ಣಿನ ವಾಸನೆ, ರುಚಿ, ನುಣುಪು ಎಲ್ಲ ಅದರಲ್ಲೇ ಗೊತ್ತಾಗುತ್ತದೆ. ಹೆಣ್ಣು ಈ ದಾರಿಯಲ್ಲಿ ಹೋಗಿದ್ದಾಳೆ ಅಂತ ಗಂಡಿಗೆ ತಿಳಿಯುವುದೂ ಹಾಗೇ. ನಾವು ಮೂಗಿನಿಂದ ಮಾಡುವುದನ್ನು ಅದು ಹೊಟ್ಟೆಯಿಂದ ಮಾಡುತ್ತದೆ ಅನ್ನಿ.

ಕಾಲಿನದು ಇನ್ನೊಂದು ಕಥೆ. ಇದೇ ಮೊಹಾವಿ ಮರಳಿನಲ್ಲಿ ಸ್ಮೆರಿಂಗ್ಯುರಸ್ ಮೆಸಯೆನ್ಸಿಸ್ ಅನ್ನುವ ಚೇಳಿದೆ. ಅದನ್ನೂ ಮೊದಲು ಪಾರುರೊಕ್ಟೋನಸ್ ಬಳಗದಲ್ಲೇ ಇಟ್ಟಿದ್ದರು. 1970ರ ದಶಕದಲ್ಲಿ ಫಿಲಿಪ್ ಬ್ರೌನೆಲ್ ಅನ್ನುವ ವಿಜ್ಞಾನಿ ಅದರ ಬೇಟೆ ನೋಡುತ್ತಾ ಕೂತರು. ಅರ್ಧ ಮೀಟರ್ ದೂರದಲ್ಲಿ ಒಂದು ಹುಳ ಮರಳೊಳಗೆ ಅಲುಗಾಡಿದರೆ ಈ ಚೇಳು ಸೀದಾ ಆ ಕಡೆ ತಿರುಗುತ್ತಿತ್ತು. ಕಣ್ಣಿನಿಂದ ಅಲ್ಲ, ಕಿವಿ ಅದಕ್ಕಿಲ್ಲ. ಹುಳ ಅಲುಗಿದರೆ ಮರಳಿನ ಮೇಲೆ ಸಣ್ಣ ಅಲೆ ಏಳುತ್ತದೆ. ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಅದು ಹರಡುತ್ತದೆ. ಎಂಟು ಕಾಲು ಅಗಲಿಸಿ ನಿಂತ ಚೇಳಿಗೆ ಒಂದು ಕಾಲಿಗೆ ಮೊದಲು ತಾಗುತ್ತದೆ, ಎದುರಿನ ಕಾಲಿಗೆ ಆಮೇಲೆ. ನಡುವೆ ಇರುವ ಹೊತ್ತು ಎಷ್ಟು? ಒಂದು ಸೆಕೆಂಡನ್ನು ಐದು ಸಾವಿರ ಚೂರು ಮಾಡಿದರೆ ಅದರಲ್ಲಿ ಒಂದು ಚೂರಿನಷ್ಟು ವ್ಯತ್ಯಾಸವಿದ್ದರೂ ಸಾಕು, ಚೇಳಿಗೆ ದಿಕ್ಕು ಸಿಗುತ್ತದೆ. ನಮ್ಮನೆ ಎಮ್ಮೆ ಕೂಡ ಅಪ್ಪನ ಹೆಜ್ಜೆ ಯಾವುದು, ನನ್ನದು ಯಾವುದು ಅಂತ ಗುರುತಿಸುತ್ತಿತ್ತು. ಆದರೆ ಇದು ಬೇರೆಯೇ ಮಟ್ಟದ್ದು.

ಸರಿ, ಒಂದು ನೆಲಕ್ಕೆ ಒಗ್ಗಿತು ಒಪ್ಪೋಣ. ಒಂದೊಂದು ಕೆರೆಗೆ ಒಂದೊಂದು ಬೇರೆ ಜಾತಿ ಯಾಕೆ?

ಬೇಸಿಗೆಯಲ್ಲಿ ಕೆರೆ ಬತ್ತುವುದನ್ನು ನೆನಪು ಮಾಡಿಕೊಳ್ಳಿ. ತುಂಬಿದಾಗ ಎಲ್ಲ ಒಂದೇ ನೀರು. ಇಳಿಯುತ್ತಾ ಇಳಿಯುತ್ತಾ ಗುಂಡಿಗಳಷ್ಟೇ ಉಳಿಯುತ್ತವೆ. ಒಂದು ಗುಂಡಿ ಮೀನಿಗೂ ಪಕ್ಕದ ಗುಂಡಿ ಮೀನಿಗೂ ಇನ್ನು ಸಂಬಂಧ ಇಲ್ಲ. ನಮ್ಮಲ್ಲಿ ಮುಂದಿನ ಮಳೆಗೆ ಮತ್ತೆ ಎಲ್ಲ ಸೇರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಆ ಮಳೆ ಬರಲೇ ಇಲ್ಲ ಅಂದುಕೊಳ್ಳಿ. ಹಿಮಯುಗದ ಕಾಲಕ್ಕೆ ಈಗಿನ ಆ ಮರುಭೂಮಿಯಲ್ಲಿ ದೊಡ್ಡ ದೊಡ್ಡ ಕೆರೆಗಳಿದ್ದವು. ಹವೆ ಬಿಸಿಯಾದಂತೆ ಒಂದೊಂದೇ ಬತ್ತಿದವು. ಚೌಳು ದಂಡೆಗಳು ದ್ವೀಪಗಳ ಹಾಗೆ ಬೇರೆ ಬೇರೆಯಾದವು. ನಡುವೆ ನೀರಿನ ಬದಲು ಮರಳು, ಗುಡ್ಡ. ಅಲ್ಲಿ ಸಿಕ್ಕಿಕೊಂಡ ಚೇಳುಗಳು ತಮ್ಮ ತಮ್ಮಲ್ಲೇ ಸಂಸಾರ ಮಾಡಿಕೊಂಡವು. ಚೇಳಿಗೆ ರೆಕ್ಕೆ ಇಲ್ಲ, ಮೊಟ್ಟೆ ನೀರಿನಲ್ಲಿ ತೇಲಿ ಹೋಗುವ ಹಾಗೂ ಇಲ್ಲ. ಅದು ಮೊಟ್ಟೆಯೇ ಇಡುವುದಿಲ್ಲ, ಮರಿ ಹಾಕುತ್ತದೆ. ಮರಿಗಳು ಮೊದಲ ಪೊರೆ ಕಳಚುವ ತನಕ ತಾಯಿ ಬೆನ್ನ ಮೇಲೇ ಇರುತ್ತವೆ. ಆಮೇಲೆ ಇಳಿದು ಅಲ್ಲೇ ಆಸುಪಾಸಿನಲ್ಲಿ ಜಾಗ ಹುಡುಕಿಕೊಳ್ಳುತ್ತವೆ. ಹೀಗೆ ಸಾವಿರಾರು ತಲೆಮಾರು ಕಳೆದರೆ ಬಣ್ಣ, ಕೂದಲಿನ ಲೆಕ್ಕ, ಬಾಚಣಿಗೆಯ ಹಲ್ಲು ಎಲ್ಲ ಒಂದೊಂದು ಕೆರೆಗೆ ಒಂದೊಂದು ಥರ.

ಕಂಡುಹಿಡಿದವರು ಯಾರು ಗೊತ್ತಾ? ಹೈಸ್ಕೂಲ್ ಹುಡುಗರು. ಪ್ರಕೃತ್ ಜೈನ್ ಮತ್ತು ಹಾರ್ಪರ್ ಫೋರ್ಬ್ಸ್. ಐನ್ಯಾಚುರಲಿಸ್ಟ್ ಅಂತ ಒಂದು ಜಾಲತಾಣ ಇದೆ. ಯಾರು ಬೇಕಾದರೂ ತಾವು ಕಂಡ ಹುಳಹುಪ್ಪಟೆ, ಗಿಡಮರದ ಫೋಟೋ ಹಾಕಬಹುದು. ತಿಳಿದವರು ಹೆಸರು ಹೇಳುತ್ತಾರೆ. ಈ ಇಬ್ಬರೂ ಅಲ್ಲಿ ಚೇಳುಗಳನ್ನು ಗುರುತಿಸುವ ಕೆಲಸ ಮಾಡುತ್ತಿದ್ದರು. ಸೋಡಾ ಕೆರೆಯ ಚೇಳಿನ ಫೋಟೋ ಒಂದನ್ನು ಯಾರೋ 2013ರಲ್ಲೇ ಹಾಕಿದ್ದರು. ವರ್ಷಗಟ್ಟಲೆ ಹೆಸರಿಲ್ಲದೆ ಬಿದ್ದಿತ್ತು. ಈ ಹುಡುಗರ ಕಣ್ಣಿಗೆ ಅದು ಬಿತ್ತು. ಗೊತ್ತಿರುವ ಯಾವುದಕ್ಕೂ ಹೊಂದುತ್ತಿಲ್ಲವಲ್ಲ ಅನ್ನಿಸಿತು. 2021ರಲ್ಲಿ ಕೇನ್ ಕೆರೆಯ ಚೇಳಿನ ಫೋಟೋ ಬಂತು. ಅದೂ ಹೊಂದಲಿಲ್ಲ. ಕ್ಯಾಲಿಫೋರ್ನಿಯಾ ವಿಜ್ಞಾನ ಅಕಾಡೆಮಿಯ ಚೇಳು ತಜ್ಞೆ ಲಾರೆನ್ ಎಸ್ಪೊಸಿಟೊ ಜೊತೆ ಸೇರಿದರು. ಜಾಗಕ್ಕೇ ಹೋಗಿ ರಾತ್ರಿ ಹುಡುಕಿ ಚೇಳು ಹಿಡಿದು ತಂದರು, ಅಳೆದರು, ಬರೆದರು. 2023ರಲ್ಲಿ ಇದೇ ತಂಡ ಮೂರನೆಯದನ್ನೂ ಪ್ರಕಟಿಸಿತು, ಪಾರುರೊಕ್ಟೋನಸ್ ಟುಲೇರಿ. ಟುಲೇರಿ ಅನ್ನುವುದೂ ಒಂದು ಕೆರೆ. ಬಲು ದೊಡ್ಡ ಕೆರೆ. ಅದಕ್ಕೆ ಬರುವ ಹೊಳೆಗಳನ್ನು ತಿರುಗಿಸಿ, ಅಂಗಳವನ್ನೆಲ್ಲ ಹೊಲ ಮಾಡಿದ್ದರು. ಹೊಲಗಳ ನಡುವೆ ಉಳಿದ ಚೂರುಪಾರು ಚೌಳು ನೆಲದಲ್ಲಿ ಈ ಚೇಳು ಸಿಕ್ಕಿತು. ಅದೇ 2023ರಲ್ಲಿ ಜೋರು ಮಳೆ, ಹಿಮದ ನೀರು ಬಂದು ಟುಲೇರಿ ಕೆರೆ ಮತ್ತೆ ಎದ್ದು ಕೂತು ಹೊಲಗಳನ್ನು ಮುಳುಗಿಸಿತು.

ಇದು ಕೇಳಿದಾಗ ನನಗೆ ನಮ್ಮ ವಾಣಿವಿಲಾಸ ಸಾಗರ ನೆನಪಾಯಿತು. 1907ರಲ್ಲಿ ಕಟ್ಟಿ ಮುಗಿದ ಜಲಾಶಯ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲೇ. 89 ವರ್ಷ. ಇನ್ನು ನೀರು ಬರುವುದಿಲ್ಲ ಅಂತ ಅಂದುಕೊಂಡ ಜಾಗಕ್ಕೆ ನೀರು ಬರುತ್ತದೆ. ಕೇನ್ ಕೆರೆ ಚೇಳಿಗೆ ಇರುವ ಕುತ್ತಿನಲ್ಲಿ ಇದೂ ಒಂದು. ನೀರು ಮೇಲೇರಿದರೆ ಆ ಪಟ್ಟಿಯೇ ಮುಳುಗಬಹುದು.

ಇನ್ನೊಂದು ಕುತ್ತು ಮನುಷ್ಯರದು. ಸೋಡಾ ಕೆರೆ ಚೇಳಿನ ಪುಣ್ಯ ದೊಡ್ಡದು. ಕರೀಜೋ ಬಯಲು 2001ರಿಂದ ಸರ್ಕಾರ ಕಾಪಾಡುವ ನೆಲ. ಕೇನ್ ಕೆರೆ ಚೇಳಿಗೆ ಅಂಥ ಬೇಲಿ ಇಲ್ಲ. ಒಂದು ಸೋಲಾರ್ ಪಾರ್ಕ್, ಒಂದು ಗಣಿ, ಒಂದು ಲೇಔಟ್ ಬಂದರೆ ಒಂದು ಇಡೀ ಜಾತಿ ಮುಗಿಯಿತು. ನಮಗೂ ಇದು ದೂರದ ಮಾತಲ್ಲ. ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ನಿಂತಿದೆ. ಚಿತ್ರದುರ್ಗದ ಗುಡ್ಡಗಳ ಮೇಲೆಲ್ಲ ಗಾಳಿ ಫ್ಯಾನು. ನಮ್ಮ ಅಮೃತಮಹಲ್ ಕಾವಲು, ಅಂದರೆ ದನ ಕುರಿ ಮೇಯುವ ಹುಲ್ಲುಗಾವಲು, ಸುಮಾರು 10,000 ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಕರೆಂಟು ಬೇಡ ಅಂತ ನಾನು ಹೇಳುತ್ತಿಲ್ಲ. ಈ ಲೇಖನ ಬರೆಯುತ್ತಿರುವುದೂ ಕರೆಂಟಿನಲ್ಲೇ. ಆದರೆ ಕಾಗದದಲ್ಲಿ ಇಂಥ ನೆಲಕ್ಕೆ ಬರೆಯುವ ಹೆಸರು 'ಖರಾಬು'. ಕುರಿ ಮೇಯಿಸುವವರಿಗೆ ಅದು ಯಾವತ್ತೂ ಖರಾಬು ಆಗಿರಲಿಲ್ಲ.

ಕಚ್ಚುವ ವಿಷಯ ಹೇಳದೆ ಬಿಟ್ಟರೆ ಅಕ್ಕ ನನ್ನನ್ನು ಬಿಡುವುದಿಲ್ಲ. ನಮ್ಮ ಕಡೆ ದೊಡ್ಡ ಕರಿ ಚೇಳು ನೋಡಿ ಹೆದರುತ್ತಾರೆ, ಸಣ್ಣ ಕೆಂಪು ಚೇಳು ಅಂದರೆ ಅಸಡ್ಡೆ. ಇದು ಉಲ್ಟಾ. ಇಕ್ಕಳ ದಪ್ಪ ಇರುವ ಚೇಳು ಇಕ್ಕಳದಲ್ಲೇ ಕೆಲಸ ಮುಗಿಸುತ್ತದೆ. ಇಕ್ಕಳ ಸಣ್ಣದಾಗಿ, ಬಾಲ ದಪ್ಪ ಇದ್ದರೆ ಅದರ ಬಲ ಕೊಂಡಿಯಲ್ಲಿದೆ ಅಂತ ತಿಳಿಯಿರಿ. ಕೆಂಪು ಚೇಳಿನ ವಿಷ ಹೃದಯ, ಶ್ವಾಸಕೋಶಕ್ಕೆ ಏರಬಹುದು, ಮಕ್ಕಳಿಗಂತೂ ಜೀವಕ್ಕೇ ಅಪಾಯ. ವಿಪರೀತ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು, ಇವು ಕಂಡರೆ ಈರುಳ್ಳಿ ಉಜ್ಜುತ್ತಾ, ಮಂತ್ರ ಹಾಕಿಸುತ್ತಾ ಕೂರಬೇಡಿ. ಮಹಾರಾಷ್ಟ್ರದ ಮಹಾಡ್‌ನ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್ ರಕ್ತದೊತ್ತಡದ ಪ್ರಾಜೋಸಿನ್ ಮಾತ್ರೆ ಇದಕ್ಕೆ ಕೆಲಸ ಮಾಡುತ್ತದೆ ಅಂತ ತೋರಿಸಿಕೊಟ್ಟರು. ಅದರಿಂದ ಎಷ್ಟೋ ಮಕ್ಕಳು ಉಳಿದರು. ಅದನ್ನು ಕೊಡಬೇಕಾದವರು ಡಾಕ್ಟರು, ನಾವಲ್ಲ. ಬೇಗ ಆಸ್ಪತ್ರೆ ಮುಟ್ಟಿಸುವುದಷ್ಟೇ ನಮ್ಮ ಕೆಲಸ.

ಇಷ್ಟೆಲ್ಲ ಓದಿ ಸುಮ್ಮನಿರೋಕೆ ಆಗುತ್ತಾ? ಅಳಿಯ ಒಂದು ನೇರಳೆ ಟಾರ್ಚ್ ತರಿಸಿದ. ಅಂಗಡಿಯಲ್ಲಿ ಖೋಟಾ ನೋಟು ನೋಡೋಕೆ ಇಟ್ಟಿರುತ್ತಾರಲ್ಲ, ಅಂಥದ್ದೇ ಬೆಳಕು. ಚೇಳಿನ ಮೈ ಚಿಪ್ಪಿನಲ್ಲಿ ಒಂದು ಥರದ ರಾಸಾಯನಿಕ ಇದೆ. ಆ ಬೆಳಕು ಬಿದ್ದರೆ ಹಸಿರು ನೀಲಿಯಾಗಿ ಹೊಳೆಯುತ್ತದೆ. ಆಗತಾನೆ ಪೊರೆ ಬಿಟ್ಟದ್ದು ಹೊಳೆಯುವುದಿಲ್ಲ, ಚಿಪ್ಪು ಗಟ್ಟಿಯಾಗಬೇಕು.

ಗಮ್ ಬೂಟು ಹಾಕಿಕೊಂಡು ಊರಾಚೆ ಕೆರೆ ಅಂಗಳಕ್ಕೆ ಹೋದೆವು. ನೀರಿಲ್ಲ. ತುಂಬಾ ಬಳ್ಳಾರಿ ಜಾಲಿ. ಅಂಚಿನಲ್ಲಿ ಚೌಳು ಬಿಳುಪಾಗಿ ಕಾಣುತ್ತಿತ್ತು. ಅರ್ಧ ಗಂಟೆ ಏನೂ ಇಲ್ಲ. ಗುಟ್ಕಾ ಚೀಟಿ, ದಾರದ ತುಂಡು, ಎಲ್ಲಾ ಹೊಳೆದವು, ಚೇಳೊಂದು ಬಿಟ್ಟು. ಆಮೇಲೆ ಒಂದು ಬಿರುಕಿನ ಬಾಯಲ್ಲಿ ಎರಡು ಇಕ್ಕಳ ಕಂಡವು. ಗಡಿಯಾರದ ರೇಡಿಯಂ ಮುಳ್ಳಿನ ಹಾಗೆ ಹಸಿರು. ಉಳಿದ ಮೈ ಒಳಗೇ ಇತ್ತು. ಐದು ನಿಮಿಷ ಉಸಿರು ಬಿಗಿಹಿಡಿದು ನಿಂತೆವು. ಮೆಲ್ಲಗೆ ಆಚೆ ಬಂತು. ನನ್ನ ಹೆಬ್ಬೆರಳಿನಷ್ಟೂ ಇಲ್ಲ. ನಾನು ಒಂದು ಕಾಲು ಆಚೀಚೆ ಇಟ್ಟೆ ಅಷ್ಟೇ, ತಕ್ಷಣ ತಿರುಗಿತು. ಮಾಮೂಲಿ ಟಾರ್ಚ್ ಹಾಕಿದರೆ ಮಣ್ಣಿನ ಬಣ್ಣದ್ದು, ಕರಿಯೂ ಅಲ್ಲ, ಕೆಂಪೂ ಅಲ್ಲ. ಕೈಯಲ್ಲಿದ್ದ ಚಪ್ಪಲಿ ಕೈಯಲ್ಲೇ ಇತ್ತು ಅಂತ ಆಮೇಲೆ ನೋಡಿಕೊಂಡೆ. ಬೂಟು ಹಾಕಿದ ಮೇಲೆ ಚಪ್ಪಲಿ ಯಾಕೆ ತಂದೆ ಅಂತ ಅಳಿಯ ಇವತ್ತಿಗೂ ಆಡಿಕೊಳ್ಳುತ್ತಾನೆ.

ಅದೇ ಐನ್ಯಾಚುರಲಿಸ್ಟ್‌ಗೆ ಫೋಟೋ ಹಾಕಿದ. ಹೆಸರಿನ ಜಾಗದಲ್ಲಿ ಬರೀ 'ಚೇಳು' ಅಂತಷ್ಟೇ ಇದೆ. ಹದಿನೈದು ದಿನದ ಮೇಲೆ ಯಾರೋ ಒಬ್ಬರು ಕೇಳಿದ್ದಾರೆ: ಹೊಟ್ಟೆ ಕಡೆಯಿಂದ ತೆಗೆದ ಫೋಟೋ ಇದೆಯಾ, ಬಾಚಣಿಗೆ ಹಲ್ಲು ಎಣಿಸಬೇಕು ಅಂತ. ಇಲ್ಲ. ಮತ್ತೆ ಹೋಗಬೇಕು. ಬೆಳದಿಂಗಳಿದ್ದರೆ ಚೇಳು ಹೊರಗೆ ಬರುವುದು ಕಮ್ಮಿ. ಕತ್ತಲು ಜಾಸ್ತಿ ಇದ್ದಷ್ಟೂ ಒಳ್ಳೆಯದು, ಅಮಾವಾಸ್ಯೆ ಆದರೆ ಇನ್ನೂ ಚೆನ್ನ. ಅಮಾವಾಸ್ಯೆ ರಾತ್ರಿ ಕೆರೆ ಕಡೆ ಮಗನನ್ನು ಕಳಿಸೋಕೆ ಅಕ್ಕ ಒಪ್ಪುತ್ತಿಲ್ಲ. ಪಾಡ್ಯದ ದಿನ ಹೋಗಿ ಅಂತಿದ್ದಾಳೆ. ಅವತ್ತೂ ಕತ್ತಲೇ ಅಲ್ವಾ, ನಡೆಯುತ್ತೆ ಅಂದೆ.